ನೆರೆ ಬಂದಾಗ ಮನೆಮಂದಿಯ ಆರೋಗ್ಯ

2019ರ ಆಗಸ್ಟ್ ತಿಂಗಳ ಮೊದಲ ವಾರ. ಪಶ್ಚಿಮಘಟ್ಟದಲ್ಲಿ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಉಕ್ಕಿತು. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆ ತುಂಬಿ, ನೀರನ್ನು ಹೊರಬಿಡದೆ ಬೇರೆ ದಾರಿಯಿರಲಿಲ್ಲ. ಕೆಳಗಿನ ರಾಮದುರ್ಗ, ನರಗುಂದ, ಬಾದಾಮಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತು. ಅದಕ್ಕೆ ಹತ್ತು ವರ್ಷ ಮೊದಲು, 2009ರ ಸೆಪ್ಟೆಂಬರ್ ಕೊನೆಗೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕ ಕಂಡ ನೆರೆಯನ್ನು ಮರೆಯದವರು ಬೇಗನೆ ಗಂಟುಮೂಟೆ ಕಟ್ಟಿದರು. ಉಳಿದವರು ಕೊನೆಯ ಗಳಿಗೆಯವರೆಗೆ ಕಾದರು.

ಆಗ ನಾನು ಪರಿಹಾರ ಕೇಂದ್ರವೊಂದರಲ್ಲಿ ರೋಗಿಗಳನ್ನು ನೋಡಲು ಹೋಗಿದ್ದೆ. ಶಾಲೆಯ ಒಂದು ಕೋಣೆಯಲ್ಲಿ ನಾಲ್ಕು ಕುಟುಂಬಗಳು. ಅವುಗಳಲ್ಲಿ ಒಂದು ಕುಟುಂಬದ ಕಥೆಯನ್ನು ಇಲ್ಲಿ ಹೇಳುತ್ತೇನೆ. ಏಳು ಮಂದಿ: ಎಪ್ಪತ್ತರ ಹತ್ತಿರದ ಅಜ್ಜಿ, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ, ಮೂವರು ಮೊಮ್ಮಕ್ಕಳು. ಕೊನೆಯ ಕೂಸಿಗೆ ಹದಿನಾಲ್ಕು ತಿಂಗಳು. ಅಜ್ಜಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು.

"ಹೊಳಿ ಬರ್ತೈತಿ ಅಂತ ಗೊತ್ತಿತ್ರಿ. ಇಷ್ಟ್ ಬರ್ತೈತಿ ಅಂತ ಗೊತ್ತಿರ್ಲಿಲ್ರಿ" ಎಂದರು ಹಿರಿಯ ಮಗ. ರಾತ್ರಿ ಹೊರಡುವಾಗ ಅವರು ಹೊಲದ ಕಾಗದಪತ್ರ, ರೇಷನ್ ಕಾರ್ಡು, ಸೊಸೆಯ ನಾಲ್ಕು ಒಡವೆ, ಒಂದು ಚೀಲ ಜೋಳದ ಹಿಟ್ಟು ತಂದಿದ್ದರು. ಇನ್ಸುಲಿನ್, ಅಜ್ಜಿಯ ಔಷಧಿ ಚೀಟಿ, ಸೋಪು ಮನೆಯಲ್ಲೇ ಉಳಿದಿದ್ದವು. ತಂದದ್ದೆಲ್ಲ ಬೇಕಾದದ್ದೇ, ತಪ್ಪು ಹೇಳುವಂತಿಲ್ಲ. ಆದರೆ ಮುಂದಿನ ಮೂರು ವಾರ ಅವರನ್ನು ಕಾಡಿದ್ದು ಬಿಟ್ಟುಬಂದ ವಸ್ತುಗಳು.

ಆ ಕುಟುಂಬದಲ್ಲಿ ಯಾರೂ ನೀರು ಪಾಲಾಗಲಿಲ್ಲ. ಆದರೆ ಮೂವರು ಹಾಸಿಗೆ ಹಿಡಿದರು. ನೆರೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕೊಚ್ಚಿಹೋಗುವ ಸೇತುವೆ, ಮಾಳಿಗೆಯ ಮೇಲೆ ಕುಳಿತ ಜನ. ಆ ಅಪಾಯ ದೊಡ್ಡದೇ ನಿಜ. ಆದರೆ ಜೀವ ಉಳಿಸಿಕೊಂಡು ದಂಡೆ ಸೇರಿದವರನ್ನು ಹಿಂಬಾಲಿಸಿ ಬರುವ ಕಾಯಿಲೆಗಳು ಸದ್ದು ಮಾಡುವುದಿಲ್ಲ. ಅವು ಕುಡಿಯುವ ತಂಬಿಗೆಯಿಂದ, ಒದ್ದೆ ಕಾಲಿನಿಂದ, ತಪ್ಪಿಹೋದ ಗುಳಿಗೆಯಿಂದ ಬರುತ್ತವೆ. ಇವುಗಳಲ್ಲಿ ಬಹುಪಾಲನ್ನು ತಡೆಯುವ ಶಕ್ತಿ ಮನೆಯವರ ಕೈಯಲ್ಲೇ ಇದೆ.

ಸುತ್ತಲೂ ನೀರು, ಕುಡಿಯಲು ಯಾವುದು?

ನೆರೆಯ ನೀರು ಬರಿಯ ಕೆಂಪು ಮಣ್ಣಿನ ನೀರಲ್ಲ. ಅದು ಪಾಯಖಾನೆ ಗುಂಡಿ, ಚರಂಡಿ, ತಿಪ್ಪೆ, ದನದ ಕೊಟ್ಟಿಗೆ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ಎಲ್ಲವನ್ನೂ ತೊಳೆದುಕೊಂಡು ಬಂದಿರುತ್ತದೆ. ಅದೇ ನೀರು ತೆರೆದ ಬಾವಿಗೆ ಇಳಿಯುತ್ತದೆ, ಒಡೆದ ನಲ್ಲಿ ಕೊಳವೆಯೊಳಕ್ಕೂ ಸೇರುತ್ತದೆ. ಆದ್ದರಿಂದ ನೆರೆಯ ದಿನಗಳಲ್ಲಿ ಬಾವಿ, ನಲ್ಲಿ, ಬೋರ್‌ವೆಲ್, ಟ್ಯಾಂಕರ್ ಯಾವ ನೀರೇ ಇರಲಿ, ಶುದ್ಧವಲ್ಲ ಎಂದೇ ತಿಳಿದು ನಡೆಯಬೇಕು. ಟ್ಯಾಂಕರಿನ ಮೇಲೆ 'ಕುಡಿಯುವ ನೀರು' ಎಂದು ಬರೆದ ಮಾತ್ರಕ್ಕೆ ಒಳಗಿನ ನೀರು ಶುದ್ಧವಾಗುವುದಿಲ್ಲ.

ಕುದಿಸುವುದಕ್ಕಿಂತ ನಂಬಿಕೆಯ ಉಪಾಯ ಇನ್ನೊಂದಿಲ್ಲ. ಎಷ್ಟು ಹೊತ್ತು ಎಂಬ ಪ್ರಶ್ನೆ ಸಹಜ. ಹತ್ತು ನಿಮಿಷ ಎಂದು ಹಳೆಯ ಪುಸ್ತಕಗಳಲ್ಲಿದೆ. ನೀರು ಚೆನ್ನಾಗಿ ಉಕ್ಕಿ ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ ಎಂಬುದು ಈಗಿನ ತಿಳಿವಳಿಕೆ. ಇದು ಸಣ್ಣ ಸಂಗತಿಯಲ್ಲ. ಕಟ್ಟಿಗೆ ಒದ್ದೆಯಾಗಿ, ಗ್ಯಾಸ್ ಸಿಲಿಂಡರ್ ತೇಲಿಹೋಗಿರುವಾಗ ಹತ್ತು ನಿಮಿಷ ಕುದಿಸಿರೆಂದರೆ ಯಾರೂ ಕುದಿಸುವುದಿಲ್ಲ. ಒಂದು ನಿಮಿಷವೆಂದರೆ ಕುದಿಸಿಯಾರು.

ರಾಡಿ ನೀರಾದರೆ ಮೊದಲು ಒಂದೆರಡು ಗಂಟೆ ನಿಲ್ಲಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಬಟ್ಟೆಯಲ್ಲಿ ಸೋಸಬೇಕು. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರ ಮಡಿಸಿದರೆ ಒಳ್ಳೆಯದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೀಗೆ ಸೋಸಿದ ನೀರು ಕುಡಿದವರಲ್ಲಿ ಕಾಲರಾ ಸುಮಾರು ಅರ್ಧದಷ್ಟು ಕಡಿಮೆಯಾಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊಸ ಸೀರೆಗಿಂತ ಒಗೆದು ಒಗೆದು ಹಳತಾದ ಸೀರೆಯೇ ಮೇಲು. ಎಳೆಗಳು ಬಿಚ್ಚಿಕೊಂಡು ಸಂದುಗಳು ಕಿರಿದಾಗಿರುತ್ತವೆ. ಆದರೆ ಸೋಸುವುದು ಕುದಿಸುವುದಕ್ಕೆ ಬದಲಿಯಲ್ಲ, ಅದರ ಹಿಂದಿನ ಹೆಜ್ಜೆ ಮಾತ್ರ.

ಒಲೆ ಹೊತ್ತಿಸಲು ಆಗದ ಕಡೆ ಕ್ಲೋರಿನ್ ಗುಳಿಗೆ. ಒಂದು ಗುಳಿಗೆ ಎಷ್ಟು ಲೀಟರಿಗೆ ಎಂಬುದು ಗುಳಿಗೆಯ ಗಾತ್ರದ ಮೇಲೆ ಹೋಗುತ್ತದೆ. ಪಟ್ಟಿಯ ಮೇಲೆ ಬರೆದಿರುತ್ತದೆ, ಓದಲಾಗದಿದ್ದರೆ ಕೊಟ್ಟವರನ್ನು ಕೇಳಬೇಕು. ಹಾಕಿ ಕಲಕಿ, ಮುಚ್ಚಿ ಅರ್ಧ ಗಂಟೆ ಬಿಡಬೇಕು. ರಾಡಿ ನೀರಿಗೆ ಹಾಕಿದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ, ಆದ್ದರಿಂದ ಮೊದಲು ಸೋಸಲೇಬೇಕು. ನೀರಿಗೆ ತೆಳುವಾದ ವಾಸನೆ ಉಳಿದರೆ ಹೆದರಬೇಡಿ, ಔಷಧಿ ಕೆಲಸ ಮಾಡಿದೆ ಎಂದರ್ಥ. ಒಂದು ಎಚ್ಚರಿಕೆ: ಇದು ನುಂಗುವ ಗುಳಿಗೆಯಲ್ಲ. ಜ್ವರದ ಗುಳಿಗೆಯ ಜೊತೆಗೇ ಹಂಚಿದಾಗ ಗಲಿಬಿಲಿಯಾಗುವುದುಂಟು. ಮಕ್ಕಳ ಕೈಗೆ ಸಿಗದಂತೆ ಬೇರೆಯಾಗಿಡಿ.

ಇಷ್ಟು ಕಷ್ಟಪಟ್ಟು ಶುದ್ಧ ಮಾಡಿದ ನೀರು ಹಾಳಾಗುವುದು ಎಲ್ಲಿ ಗೊತ್ತೇ? ಕೊಡದಲ್ಲಿ. ಎಲ್ಲರೂ ತಂಬಿಗೆ ಅದ್ದಿ ತೆಗೆಯುತ್ತಾರೆ, ತಂಬಿಗೆಯ ಜೊತೆ ನಾಲ್ಕು ಬೆರಳೂ ಅದ್ದುತ್ತವೆ. ಆ ಶಾಲೆಯ ಕೋಣೆಯಲ್ಲಿ ನಾನು ಕಂಡದ್ದೂ ಅದನ್ನೇ. ಕುದಿಸಿದ ನೀರೇ ಹೌದು. ಆದರೆ ಹೊರಗೆ ಹೋಗಿ ಬಂದ ಮಕ್ಕಳು ಸೋಪಿಲ್ಲದ ಕೈಯಲ್ಲೇ ಕೊಡಕ್ಕೆ ಕೈಹಾಕುತ್ತಿದ್ದರು. ಉದ್ದ ಹಿಡಿಯ ಸೌಟೊಂದನ್ನು ಕೊಡದ ಪಕ್ಕದಲ್ಲಿ ತೂಗುಹಾಕಿ, ಬೇರೆ ಏನನ್ನೂ ಅದ್ದಬಾರದೆಂದು ಕಟ್ಟುಮಾಡಿದರೆ ಅರ್ಧ ಕೆಲಸ ಆದಂತೆ. ಬಾಯಿ ಕಿರಿದಾದ ಕೊಡವಾದರೆ ಬಗ್ಗಿಸಿಕೊಳ್ಳುವುದೇ ಲೇಸು.

ಕೂಸಿನ ಭೇದಿ

ನಾಲ್ಕನೆಯ ದಿನ ಕೂಸಿಗೆ ಭೇದಿ ಹತ್ತಿತು. ಬೆಳಗಿನಿಂದ ಮಧ್ಯಾಹ್ನದೊಳಗೆ ಏಳೆಂಟು ಸಲ. ಹೊಟ್ಟೆಗೆ ಬಿಡುವು ಸಿಗಲೆಂದು ಯಾರೋ ಹೇಳಿದ್ದರಿಂದ ತಾಯಿ ಮೊಲೆ ಕುಡಿಸುವುದನ್ನು ನಿಲ್ಲಿಸಿದ್ದರು. ನಾನು ನೋಡಿದಾಗ ಮಗುವಿನ ಕಣ್ಣು ಒಳಸೇರಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಕೂಸಿನ ಜೀವಕ್ಕೆ ಕುತ್ತು ತರುವುದು ಭೇದಿಗಿಂತ ಹೆಚ್ಚಾಗಿ, ಭೇದಿಯ ಜೊತೆ ದೇಹದಿಂದ ಹೊರಟುಹೋಗುವ ನೀರು ಮತ್ತು ಲವಣ. ಇದಕ್ಕೆ ವೈದ್ಯರು ನಿರ್ಜಲೀಕರಣ ಎನ್ನುತ್ತಾರೆ.

ಇದಕ್ಕೆ ಓಆರ್‌ಎಸ್ ಎಂಬ ಅಗ್ಗದ ಪುಡಿಯಿದೆ. ಇದರ ಗುಟ್ಟು ಬಹಳ ಸರಳ. ಭೇದಿಯಾಗುವಾಗ ಕರುಳು ಬರಿಯ ನೀರನ್ನು ಸರಿಯಾಗಿ ಹೀರಿಕೊಳ್ಳಲಾರದು. ಆದರೆ ಸಕ್ಕರೆ ಜೊತೆಗಿದ್ದರೆ ಅದರ ಕೈಹಿಡಿದು ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇದರ ದೊಡ್ಡ ಪರೀಕ್ಷೆ ನಡೆದದ್ದೂ ಸಂತ್ರಸ್ತರ ಶಿಬಿರದಲ್ಲೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹನಿಸುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ನಲ್ಲಿಯಿರುವ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ತಾಯಂದಿರು, ಅಣ್ಣತಮ್ಮಂದಿರು. ಡಾ. ಮಹಲನಬಿಸ್ 2022ರಲ್ಲಿ ತೀರಿಕೊಂಡರು; ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಓಆರ್‌ಎಸ್ ಕಲಸುವುದರಲ್ಲಿ ನಾನು ಮೇಲಿಂದ ಮೇಲೆ ಕಾಣುವ ತಪ್ಪೆಂದರೆ ಅಳತೆಯದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುತ್ತಾರೆ, ಇಲ್ಲವೇ ಸ್ವಲ್ಪ ಸ್ವಲ್ಪ ಉದುರಿಸಿ ಉಳಿದದ್ದನ್ನು ಮಡಿಚಿಡುತ್ತಾರೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕಡಿಮೆಯಾದರೆ ಪ್ರಯೋಜನ ಕಡಿಮೆ. ಪರಿಹಾರ ಕೇಂದ್ರದಲ್ಲಿ ಅಳತೆಯ ಪಾತ್ರೆ ಎಲ್ಲಿಂದ ತರುವುದು ಎಂದು ಕೇಳಬೇಡಿ. ಖಾಲಿಯಾದ ಒಂದು ಲೀಟರಿನ ನೀರಿನ ಬಾಟಲಿ ಎಲ್ಲೆಡೆ ಬಿದ್ದಿರುತ್ತದೆ. ಅದನ್ನು ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರನ್ನು ತುಂಬಿ, ಇಡೀ ಪೊಟ್ಟಣವನ್ನು ಹಾಕಿ ಕುಲುಕಿದರಾಯಿತು. ಪೊಟ್ಟಣವೇ ಸಿಗದಿದ್ದರೆ ಅಷ್ಟೇ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಚಮಚ ಎಂದರೆ ಚಹಾದ ಚಮಚ. ಗೋಪುರದಂತೆ ತುಂಬದೆ ಮೇಲ್ಭಾಗ ಮಟ್ಟಸವಾಗಿರಬೇಕು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಮಿಲಿಲೀಟರ್, ಅಂದರೆ ಕಾಲಿನಿಂದ ಅರ್ಧ ಲೋಟ, ಅದಕ್ಕೂ ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ, ದೊಡ್ಡವರಿಗೆ ಬೇಕೆನಿಸಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು, ಮತ್ತೆ ಚಮಚದಿಂದ ನಿಧಾನವಾಗಿ ಕೊಡಬೇಕು. ಜೊತೆಗೆ ಸತುವಿನ ಗುಳಿಗೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ, 14 ದಿನ. ಆಶಾ ಕಾರ್ಯಕರ್ತೆಯರಲ್ಲಿ ಎರಡೂ ಸಿಗುತ್ತವೆ. ಭೇದಿ ನಿಂತಿತೆಂದು ಸತುವಿನ ಗುಳಿಗೆಯನ್ನು ಮೂರೇ ದಿನಕ್ಕೆ ಬಿಡಬೇಡಿ. ಭೇದಿ ಕಟ್ಟುವ ಗುಳಿಗೆಗಳನ್ನು ಮಕ್ಕಳಿಗೆ ಕೊಡಲೇಬಾರದು.

ಮೊಲೆಹಾಲನ್ನು ನಿಲ್ಲಿಸಬಾರದು, ಇನ್ನೂ ಹೆಚ್ಚು ಸಲ ಕೊಡಬೇಕು. ಇಲ್ಲಿ ದಾನಿಗಳಿಗೂ ಒಂದು ಮಾತು. ನೆರೆಯ ಊರುಗಳಿಗೆ ಹಾಲುಪುಡಿಯ ಡಬ್ಬಿ, ಹಾಲೂಡಿಸುವ ಬಾಟಲಿ ಕಳಿಸುವುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಶುದ್ಧ ನೀರಿಲ್ಲದ, ಬಾಟಲಿ ಕುದಿಸಲು ಒಲೆಯಿಲ್ಲದ ಜಾಗದಲ್ಲಿ ಅದೇ ಬಾಟಲಿ ಭೇದಿಯ ಮೂಲವಾಗುತ್ತದೆ. ಗಾಬರಿಯಿಂದ ಹಾಲು ಬತ್ತಿಹೋಯಿತು ಎಂದು ತಾಯಂದಿರು ಹೇಳುತ್ತಾರೆ; ಮಗು ಚೀಪುತ್ತಿದ್ದರೆ, ತಾಯಿಗೆ ಹೊಟ್ಟೆತುಂಬ ಊಟ, ನೀರು, ಒಂದಿಷ್ಟು ಮರೆ ಸಿಕ್ಕರೆ ಹಾಲು ಮರಳುತ್ತದೆ. ಈ ಕೂಸು ಸಂಜೆಯ ಹೊತ್ತಿಗೆ ಉಚ್ಚೆ ಹೊಯ್ದಿತು. ಅಜ್ಜಿ ಒದ್ದೆ ಸೀರೆಯನ್ನು ನನಗೆ ತೋರಿಸಿ ನಕ್ಕರು. ಮಗು ಮಂಕಾಗಿ ಬಿದ್ದಿದ್ದರೆ, ಏನು ಕುಡಿಸಿದರೂ ಕಕ್ಕುತ್ತಿದ್ದರೆ, ಮಲದಲ್ಲಿ ರಕ್ತವಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಸೊಸೆ ಹೇಳದ ಕಾಯಿಲೆ

ಮಗುವನ್ನು ನೋಡುವಾಗ ತಾಯಿಯ ತುಟಿ ಒಣಗಿದ್ದನ್ನು ಗಮನಿಸಿದೆ. ಕೇಳಿದರೆ ಹೇಳಲಿಲ್ಲ. ನನ್ನ ಜೊತೆ ಬಂದಿದ್ದ ನರ್ಸಮ್ಮನ ಹತ್ತಿರ ಆಮೇಲೆ ಹೇಳಿದರಂತೆ: "ನೀರ್ ಕುಡದ್ರ ಹೊರಗ ಹೋಗಬೇಕಾಗ್ತೈತ್ರಿ ಅಕ್ಕಾರ. ರಾತ್ರಿ ಎಲ್ಲಿಗಿ ಹೋಗೂದ್ರಿ?" ನೂರಾರು ಜನಕ್ಕೆ ಶಾಲೆಯ ಎರಡು ಶೌಚಾಲಯ, ಅವುಗಳಲ್ಲಿ ಒಂದಕ್ಕೆ ಬಾಗಿಲಿಲ್ಲ, ದೀಪವಿಲ್ಲ. ಹೆಂಗಸರು ಸಂಜೆಯಿಂದಲೇ ನೀರು ಬಿಟ್ಟು, ಬೆಳಗಿನವರೆಗೆ ಮೂತ್ರ ತಡೆದುಕೊಳ್ಳುತ್ತಿದ್ದರು. ಎರಡು ದಿನಗಳಿಂದ ಆಕೆಗೆ ಉರಿಮೂತ್ರ, ಕಿಬ್ಬೊಟ್ಟೆ ನೋವು, ಚಳಿಜ್ವರ. ಇದು ಮೂತ್ರನಾಳದ ಸೋಂಕು.

ನೆರೆಯ ವರದಿಗಳಲ್ಲಿ ಈ ಕಾಯಿಲೆಯ ಹೆಸರು ಕಾಣುವುದಿಲ್ಲ. ಆದರೆ ಪರಿಹಾರ ಕೇಂದ್ರದಲ್ಲಿ ಹೆಂಗಸರನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಿದರೆ ಇಂಥವರು ಒಬ್ಬಿಬ್ಬರಲ್ಲ. ಔಷಧಿ ಕೊಟ್ಟರೆ ವಾಸಿಯಾಗುತ್ತದೆ. ಆದರೆ ನೀರು ಕುಡಿಯದಿದ್ದರೆ ಮರಳಿ ಬರುತ್ತದೆ, ಬಸುರಿಯರಲ್ಲಿ ಮೂತ್ರಪಿಂಡಕ್ಕೆ ಏರಿ ದಿನ ತುಂಬುವ ಮೊದಲೇ ಹೆರಿಗೆಗೆ ಕಾರಣವಾಗಬಹುದು. ಇದಕ್ಕೆ ಪರಿಹಾರ ಔಷಧಿಯಲ್ಲ, ಒಂದು ಬಾಗಿಲು ಮತ್ತು ಒಂದು ದೀಪ. ಆ ಶಾಲೆಯಲ್ಲಿ ಗಂಡಸರಿಗೆ ಹೇಳಿ ಬಾಗಿಲಿಗೆ ತಾಡಪತ್ರಿ ಕಟ್ಟಿಸಿದೆವು, ರಾತ್ರಿ ಹೆಂಗಸರು ಇಬ್ಬಿಬ್ಬರಾಗಿ ಹೋಗಲು ಒಂದು ಟಾರ್ಚು ಇರಿಸಿದೆವು. ಮುಟ್ಟಿನ ಬಟ್ಟೆಯದೂ ಇದೇ ಪಾಡು. ಮರೆಯಲ್ಲಿ, ಒದ್ದೆಯಲ್ಲೇ ಒಣಗಿಸಿ ಮತ್ತೆ ಉಟ್ಟರೆ ತುರಿಕೆ, ಸೋಂಕು. ಪರಿಹಾರ ಸಾಮಗ್ರಿ ಕಟ್ಟುವವರು ಬಿಸ್ಕತ್ತಿನ ಜೊತೆ ಇದನ್ನೂ ನೆನಪಿಡಬೇಕು.

ಊಟದ ವಿಚಾರದಲ್ಲಿ ಉತ್ತರ ಕರ್ನಾಟಕದವರಿಗೆ ನಾನು ಹೇಳಿಕೊಡುವುದು ಕಡಿಮೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ನೆರೆಗೆ ತಕ್ಕ ಆಹಾರ ಇನ್ನಾವುದಿದೆ? ತೇವವಿಲ್ಲದ್ದರಿಂದ ರೋಗಾಣುಗಳಿಗೆ ಅಲ್ಲಿ ಬೆಳೆಯಲು ಎಡೆಯಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಇದಕ್ಕೆ ವಿರುದ್ಧವಾಗಿ ಬೆಳಿಗ್ಗೆ ಪಟ್ಟಣದಲ್ಲಿ ಬಿಸಿಬಿಸಿಯಾಗಿ ಕಟ್ಟಿ, ಮಧ್ಯಾಹ್ನ ತಲುಪಿ, ರಾತ್ರಿಗೆಂದು ಎತ್ತಿಟ್ಟ ಚಿತ್ರಾನ್ನದ ಪೊಟ್ಟಣ ವಾಂತಿಭೇದಿಗೆ ಒಳ್ಳೆಯ ಅವಕಾಶ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನದ ಪೊಟ್ಟಣವನ್ನು ಬಂದ ಕೂಡಲೇ ಉಣ್ಣಬೇಕು, ಹಳಸಿದ ವಾಸನೆ ಇದ್ದರೆ ಉಣ್ಣಲೇಬಾರದು.

ಅಜ್ಜಿಯ ಇನ್ಸುಲಿನ್

ಎರಡು ದಿನ ಅಜ್ಜಿ ಇನ್ಸುಲಿನ್ ಇಲ್ಲದೆ ಕಳೆದಿದ್ದರು. ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಮನೆ ಕಳೆದುಕೊಂಡಿರುವಾಗ ತನ್ನ ಸೂಜಿಯ ಚಿಂತೆ ಯಾಕೆ ಎಂಬ ಸಂಕೋಚ. ವಿಪರೀತ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಸುಸ್ತು ಕಂಡಮೇಲೆ ಮೊಮ್ಮಗಳು ಬಂದು ಹೇಳಿದಳು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ, ಕ್ಷಯ, ಹೃದಯದ ಕಾಯಿಲೆ ಇರುವವರು ಔಷಧಿ ತಪ್ಪಿಸಿದರೆ ನೆರೆಯ ಮಧ್ಯೆ ಪಾರ್ಶ್ವವಾಯುವೋ ಮೂರ್ಛೆಯೋ ಬಂದೀತು. ಆಗ ಅವರನ್ನು ಸಾಗಿಸುವುದಾದರೂ ಹೇಗೆ? ಕೇಂದ್ರಕ್ಕೆ ಬಂದ ಮೊದಲ ದಿನವೇ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ತಿಳಿಸಬೇಕು. ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಪಟ್ಟಿ ತೋರಿಸಿದರೂ ಸಾಕು. 'ಬಿಳೀ ಗುಳಿಗೆ, ಸಣ್ಣದು' ಎಂದರೆ ನಮಗೆ ಏನೂ ತಿಳಿಯದು.

ಇನ್ಸುಲಿನ್‌ಗೆ ಫ್ರಿಜ್ ಇಲ್ಲವಲ್ಲ ಎಂದು ಹೆದರಬೇಕಿಲ್ಲ. ಬಳಸುತ್ತಿರುವ ಸೀಸೆ ನೆರಳಿನ ತಂಪಿನಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ. ಸೀಸೆಯನ್ನು ನೀರು ನುಸುಳದ ಪುಟ್ಟ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಮಣ್ಣಿನ ಮಡಕೆಯ ನೀರಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ನೆರೆಯ ನೀರಿನಲ್ಲಿ ಮುಳುಗಿದ ಸೀಸೆಯನ್ನು ಮಾತ್ರ ಬಳಸಬಾರದು. ಇನ್ನೊಂದು ಎಚ್ಚರ: ಕೇಂದ್ರದ ಊಟ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಚುಚ್ಚಿಕೊಂಡು ಎರಡು ಗಂಟೆ ಊಟಕ್ಕೆ ಕಾದರೆ ಸಕ್ಕರೆ ಕುಸಿದು ಬೆವರು, ನಡುಕ, ಮಂಪರು ಬರುತ್ತದೆ. ಊಟಕ್ಕೆ ಮುಂಚೆ ಚುಚ್ಚಿಕೊಳ್ಳುವ ಇನ್ಸುಲಿನ್ ಆದರೆ ತಟ್ಟೆ ಮುಂದೆ ಬಂದ ಮೇಲೆ ಚುಚ್ಚಿಕೊಳ್ಳಿ, ಸೆರಗಿನಲ್ಲಿ ಒಂದು ತುಂಡು ಬೆಲ್ಲ ಕಟ್ಟಿಕೊಂಡಿರಿ. ಊಟ ಕಡಿಮೆಯಾದಾಗ ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿ, ತಾವೇ ಪೂರ್ತಿ ಬಿಟ್ಟುಬಿಡಬೇಡಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಸ್ಪರ್ಶ ಕಡಿಮೆ, ಒದ್ದೆಯಲ್ಲಿ ಆದ ಗಾಯ ಗೊತ್ತಾಗುವುದೇ ಇಲ್ಲ. ದಿನವೂ ಮನೆಯವರು ಅವರ ಅಂಗಾಲನ್ನು ನೋಡಬೇಕು.

ಮನೆಗೆ ಮರಳಿದಾಗ

ಹನ್ನೊಂದನೆಯ ದಿನ ನೀರಿಳಿದು ಅವರು ಮನೆಗೆ ಹೊರಟರು. ನೀರು ಇಳಿಯಿತು, ಇನ್ನೇನು ಭಯ ಎನ್ನುವ ಹೊತ್ತಿದು. ಮಣ್ಣಿನ ಗೋಡೆಯ ಮನೆಗಳು ನೀರು ಇಳಿಯುವಾಗ, ಇಳಿದ ಮೇಲೆ ಕುಸಿಯುವುದು ಹೆಚ್ಚು. ಗೋಡೆ ಬಿರುಕು ಬಿಟ್ಟಿದ್ದರೆ, ಮಾಳಿಗೆ ತಗ್ಗಿದ್ದರೆ ಒಳಗೆ ಮಲಗಬಾರದು, ತಿಳಿದವರು ನೋಡಿ ಹೇಳುವವರೆಗೆ ಕಾಯಬೇಕು. ವಿದ್ಯುತ್ತಿನ ಮೇನ್ ಸ್ವಿಚ್ಚನ್ನು ಒದ್ದೆ ಕೈಯಲ್ಲಿ, ನೀರಿನಲ್ಲಿ ನಿಂತು ಮುಟ್ಟಲೇಬಾರದು; ಲೈನ್‌ಮನ್ ಬಂದು ನೋಡಿದ ಮೇಲೆಯೇ ದೀಪ. ಹಾವುಗಳೂ ಒಣ ಜಾಗ ಹುಡುಕಿಕೊಂಡು ಅಟ್ಟ, ಕಟ್ಟಿಗೆ ಒಟ್ಟಿಲು, ಹಾಸಿಗೆಯ ಸುರುಳಿ ಸೇರಿರುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ಅಲುಗಾಡಿಸಿ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚಿದರೆ ನೋವೇ ತಿಳಿಯದಿರಬಹುದು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಹಾವು, ಸೊಳ್ಳೆ ಎರಡಕ್ಕೂ ತಡೆ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಬೇಡ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಹಗೇವಿನ ವಿಷಯವನ್ನು ಒತ್ತಿ ಹೇಳಬೇಕು. ಧಾರವಾಡ, ವಿಜಯಪುರ ಕಡೆಯ ಊರುಗಳಲ್ಲಿ ಜೋಳ ತುಂಬಿಡುವ ಈ ನೆಲಕಣಜಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ನೀರು ಹೊಕ್ಕರೆ ಒಳಗಿನ ಕಾಳು ಹುದುಗಿ ಉಸಿರಾಡುವ ಗಾಳಿಯನ್ನೆಲ್ಲ ತಿಂದುಬಿಡುತ್ತದೆ. ಕಾಳು ಉಳಿಸಿಕೊಳ್ಳುವ ಆತುರದಲ್ಲಿ ಇಳಿದವನು ಕ್ಷಣದಲ್ಲಿ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ. ಇಳಿಯಲೇಬೇಡಿ. ನೆನೆದು ಬೂಷ್ಟು ಹಿಡಿದ ಜೋಳ, ಶೇಂಗಾ ತೊಳೆದರೂ ಒಣಗಿಸಿದರೂ ಉಣ್ಣಲು ಬಾರದು, ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ. ವರ್ಷದ ದುಡಿಮೆಯನ್ನು ಚೆಲ್ಲಿ ಎಂದು ಹೇಳುವುದು ನನಗೂ ಸುಲಭವಲ್ಲ.

ಮುಳುಗಿದ ಬಾವಿಯ ನೀರನ್ನು ಪೂರ್ತಿ ಎತ್ತಿ ಹೊರಹಾಕಿ, ಹೂಳು ತೆಗೆದು, ಆರೋಗ್ಯ ಕಾರ್ಯಕರ್ತರು ಬ್ಲೀಚಿಂಗ್ ಪುಡಿ ಹಾಕಿದ ಮೇಲೆಯೇ ಬಳಸಬೇಕು. ಬ್ಲೀಚಿಂಗ್ ಪುಡಿ ತೇವ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಘಾಟು ವಾಸನೆಯಿಲ್ಲದ ಗಟ್ಟಿಯಾದ ಪುಡಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಸತ್ತ ದನಗಳಿಂದಲೇ ಸಾಂಕ್ರಾಮಿಕ ರೋಗ ಹಬ್ಬುತ್ತದೆ ಎಂಬ ಭಯ ಊರೂರಲ್ಲಿ ಇರುತ್ತದೆ. ಅವುಗಳನ್ನು ಬಾವಿ, ಹಳ್ಳಗಳಿಂದ ದೂರ ಆಳವಾಗಿ ಹೂಳಬೇಕು, ನಿಜ. ಆದರೆ ನೆರೆಯ ನಂತರದ ಕಾಯಿಲೆಗಳು ಹೆಚ್ಚಾಗಿ ಬರುವುದು ಬದುಕಿರುವ ನಮ್ಮದೇ ಮಲದಿಂದ ಕೆಟ್ಟ ನೀರಿನಿಂದ. ಕಾಮಾಲೆ ಎರಡರಿಂದ ಆರು ವಾರ ತಡವಾಗಿಯೂ ಕಾಣಿಸಿಕೊಳ್ಳುತ್ತದೆ, ಅದರಲ್ಲೊಂದು ಬಗೆ ಬಸುರಿಯರಿಗೆ ಬಹಳ ಅಪಾಯಕಾರಿ. ಆದ್ದರಿಂದ ನೀರು ತಿಳಿಯಾಗಿ ಕಂಡರೂ ಒಂದೆರಡು ತಿಂಗಳು ಕುದಿಸಿಯೇ ಕುಡಿಯಬೇಕು.

ಕಿರಿಯ ಮಗನ ಜ್ವರ

ಕಿರಿಯ ಮಗ ಎಲ್ಲರಿಗಿಂತ ಮುಂಚೆ, ಐದನೆಯ ದಿನವೇ, ಬರಿಗಾಲಲ್ಲಿ ಕೆಸರು ತುಳಿಯುತ್ತ ಹೋಗಿ ದನದ ಕೊಟ್ಟಿಗೆ ಬಳಿದು ಬಂದಿದ್ದ. ಕಾಲಿನಲ್ಲಿ ಬಿರುಕು, ಗೀರುಗಾಯ. ಮನೆಗೆ ಮರಳಿದ ಎರಡು ದಿನಕ್ಕೆ ಅವನಿಗೆ ಜ್ವರ ಬಂತು. ಅಂಗಡಿಯಿಂದ ಜ್ವರದ ಗುಳಿಗೆ ತಂದು ನುಂಗಿ ಮೂರು ದಿನ ಕಳೆದ. ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಕಣ್ಣು ಕೆಂಪು, ಕೊನೆಗೆ ಮೂತ್ರ ಕಡಿಮೆಯಾದಾಗ ಆಸ್ಪತ್ರೆಗೆ ಬಂದ. ಇದು ಇಲಿ ಜ್ವರ.

ಇಲಿ, ದನ, ನಾಯಿಗಳ ಮೂತ್ರದಲ್ಲಿ ಬರುವ ಸೂಕ್ಷ್ಮಾಣು ಕೆಸರು ನೀರಿನಲ್ಲಿ ಬದುಕಿದ್ದು, ಗಾಯದ ಮೂಲಕ ದೇಹ ಹೊಗುತ್ತದೆ. ಎರಡು ದಿನದಿಂದ ನಾಲ್ಕು ವಾರದೊಳಗೆ, ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ, ಜ್ವರ ಕಾಣಿಸುತ್ತದೆ. ಬೇಗ ಗುರುತಿಸಿದರೆ ಸಾಮಾನ್ಯ ಜೀವಿರೋಧಕ ಔಷಧಿಗಳಿಂದಲೇ ಗುಣವಾಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳಿಗೆ ಪೆಟ್ಟು. 2018ರ ಕೇರಳದ ನೆರೆಯ ನಂತರ ಈ ಜ್ವರ ಹೆಚ್ಚಿದಾಗ, ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಅಲ್ಲಿನ ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಗುಳಿಗೆ ಹಂಚಿತು. ವಾರಕ್ಕೊಮ್ಮೆ 200 ಮಿಲಿಗ್ರಾಂ ತೆಗೆದುಕೊಳ್ಳುವ ಈ ಕ್ರಮ ದೊಡ್ಡವರಿಗೆ ಮಾತ್ರ, ವೈದ್ಯರ ಸಲಹೆಯ ಮೇಲೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಇದು ಸಲ್ಲದು. ಗುಳಿಗೆಗಿಂತ ಮೊದಲು ಕಾಲಿಗೆ ಬೂಟು ಬೇಕು. ಬೂಟಿಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಮೊಣಕಾಲಿನವರೆಗೆ ಕಟ್ಟಿಕೊಳ್ಳಿ, ಗಾಯವನ್ನು ಮುಚ್ಚಿಕೊಳ್ಳಿ, ಕೆಲಸ ಮುಗಿದ ಕೂಡಲೇ ಶುದ್ಧ ನೀರು, ಸೋಪಿನಿಂದ ತೊಳೆಯಿರಿ. ಗಾಯವಾದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ನೆರೆಯ ನಂತರದ ತಿಂಗಳಲ್ಲಿ ಜ್ವರ ಬಂದವರು ವೈದ್ಯರ ಬಳಿ ಹೋದಾಗ 'ಕೆಸರಿನಲ್ಲಿ ಕೆಲಸ ಮಾಡಿದ್ದೆ' ಎಂಬ ಒಂದು ಮಾತನ್ನು ತಾವೇ ಹೇಳಬೇಕು. ನಿಂತ ನೀರಿನಿಂದ ಡೆಂಗ್ಯೂ, ಮಲೇರಿಯಾ ಕೂಡ ಅದೇ ಹೊತ್ತಿಗೆ ಬರುತ್ತವಾದ್ದರಿಂದ, ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್‌ನಂತಹ ನೋವಿನ ಗುಳಿಗೆಗಳನ್ನು ತಾವಾಗಿ ನುಂಗಬಾರದು.

ಕಿರಿಯ ಮಗ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಗುಣವಾದ. ಆದರೆ ಹಿರಿಯ ಮಗನಿಗೆ ನಿದ್ದೆ ಬರುತ್ತಿರಲಿಲ್ಲ. ಹಗ್ಗ ಬಿಚ್ಚಲು ತಡವಾಗಿ ಒಂದು ಎಮ್ಮೆ ಕೊಚ್ಚಿಹೋಗಿತ್ತು; ಅದರ ಕೂಗು ಕೇಳಿಸುತ್ತದೆ ಎನ್ನುತ್ತಿದ್ದರು. ಹಿರಿಯ ಮೊಮ್ಮಗ, ಎಂಟು ವರ್ಷದವನು, ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ್ದ. ಇವು ಹುಚ್ಚಿನ ಲಕ್ಷಣವಲ್ಲ, ಬೈದು ತಿದ್ದುವಂಥವೂ ಅಲ್ಲ. ಮಕ್ಕಳಿಗೆ ಶಾಲೆ, ಆಟ, ಹೊತ್ತಿಗೆ ಸರಿಯಾದ ಊಟ ಬೇಗ ಮರಳಿದಷ್ಟೂ ಒಳ್ಳೆಯದು. ದೊಡ್ಡವರಿಗೆ ಕುಳಿತು ಹೇಳಿಕೊಳ್ಳಲು ಒಬ್ಬರು ಬೇಕು. ತಿಂಗಳಾದರೂ ನಿದ್ದೆ, ಊಟ ಸೇರದಿದ್ದರೆ, ಕುಡಿತಕ್ಕೆ ಇಳಿದರೆ, ಸಾಯುವ ಮಾತಾಡಿದರೆ ವೈದ್ಯರ ಬಳಿ ಕರೆತರಬೇಕು.

ಮರುವರ್ಷ ಮಳೆಗಾಲಕ್ಕೆ ಮುಂಚೆ ಅಜ್ಜಿ ತಪಾಸಣೆಗೆಂದು ನನ್ನ ಬಳಿ ಬಂದಿದ್ದರು. ಬಾಗಿಲ ಹಿಂದಿನ ಗೂಟಕ್ಕೆ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿದ್ದೇವೆ ಎಂದರು. ಅದರಲ್ಲಿ ಔಷಧಿ ಚೀಟಿಯ ನಕಲು, ಹದಿನೈದು ದಿನದ ಗುಳಿಗೆ, ಸೂಜಿಗಳು, ನಾಲ್ಕು ಪೊಟ್ಟಣ ಓಆರ್‌ಎಸ್, ಕ್ಲೋರಿನ್ ಗುಳಿಗೆ, ಕೂಸಿನ ಚುಚ್ಚುಮದ್ದಿನ ಕಾರ್ಡು, ಟಾರ್ಚು, ಹಳೆಯ ಸೀರೆಯ ಎರಡು ತುಂಡು. ಇನ್ಸುಲಿನ್ ಮಾತ್ರ ಮಡಕೆಯಲ್ಲಿದೆ, ಹೊರಡುವಾಗ ಅದನ್ನು ತರುವ ಹೊಣೆ ಮೊಮ್ಮಗಳದು. "ಮತ್ತ ಸೋಪು?" ಎಂದು ಕೇಳಿದೆ. "ಎರಡ್ ಇಟ್ಟೀನ್ರಿ ಡಾಕ್ಟ್ರ" ಎಂದರು.